ಎಲ್ಲಿಗೂ ಸೇರದ ಹೊಳೆ: ಜರಫ್‌ಶಾನ್

ಕನ್ನಂಬಾಡಿ ಕಟ್ಟೆ ತುಂಬಿ ಗೇಟುಗಳನ್ನು ಎತ್ತಿದ ದಿನ ನಮ್ಮ ಕಡೆ ತಪ್ಪದೆ ಕೇಳಿಬರುವ ಮಾತೊಂದಿದೆ: ಇಷ್ಟು ನೀರೂ ವ್ಯರ್ಥವಾಗಿ ಸಮುದ್ರ ಸೇರುತ್ತದಲ್ಲ! ನನ್ನ ತಾತ ಈ ಮಾತನ್ನು ನಿಟ್ಟುಸಿರಿನ ಜೊತೆಗೆ ಆಡುತ್ತಿದ್ದರು. ಅವರಿಗೆ ಅದನ್ನು ಆಡುವ ಹಕ್ಕೂ ಇತ್ತು. ಅವರ ಎರಡು ಎಕರೆ ಗದ್ದೆ ಮಂಡ್ಯ ಜಿಲ್ಲೆಯ ಒಂದು ನಾಲೆಯ ತೀರಾ ಕೊನೆಯಲ್ಲಿತ್ತು. ಮೇಲಿನವರ ಭತ್ತ ಹೊಡೆ ತುಂಬುವ ಹೊತ್ತಿಗೆ ನಮ್ಮಲ್ಲಿ ನಾಟಿ ಮಾಡುವುದೋ ಬೇಡವೋ ಎಂಬ ಚರ್ಚೆ ನಡೆಯುತ್ತಿತ್ತು. ಹಾಗಾಗಿ ಸಮುದ್ರಕ್ಕೆ ಹೋಗುವ ನೀರೆಂದರೆ ತಮ್ಮ ಗದ್ದೆಗೆ ಬರಬೇಕಾಗಿದ್ದ ನೀರು ಎಂದು ಅವರು ನಂಬಿದ್ದರು, ನಾನೂ ನಂಬಿದ್ದೆ. 2019ರ ಆಗಸ್ಟಿನಲ್ಲಿ ತಜಿಕಿಸ್ತಾನ ಮತ್ತು ಉಜ್ಬೇಕಿಸ್ತಾನಗಳ ನಡುವೆ ಹರಿಯುವ ಜರಫ್‌ಶಾನ್ ನದಿಯ ದಡದಲ್ಲಿ ಹತ್ತು ದಿನ ಓಡಾಡಿ ಬಂದ ಮೇಲೆ ಆ ಮಾತು ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿದೆ. ಏಕೆಂದರೆ ಅದು ಒಂದು ಹನಿಯನ್ನೂ ಸಮುದ್ರಕ್ಕೆ ಕೊಡದ ಹೊಳೆ. ಸಮುದ್ರವಂತಿರಲಿ, ತಾನು ಉಪನದಿಯಾಗಿ ಸೇರಬೇಕಾಗಿದ್ದ ಅಮು ದರಿಯಾವನ್ನೂ ಅದು ಮುಟ್ಟುವುದಿಲ್ಲ. ಸುಮಾರು 20 ಕಿಲೋಮೀಟರ್ ಇರುವಾಗಲೇ ಮರಳಿನಲ್ಲಿ ಮುಗಿದುಹೋಗುತ್ತದೆ. ವ್ಯರ್ಥವೆನ್ನುವುದೇ ಇಲ್ಲದಂತೆ ಬಳಕೆಯಾದ ನದಿ ಹೇಗಿರುತ್ತದೆ ಎಂದು ನೋಡಬೇಕಾದವರು ಅದನ್ನು ನೋಡಬೇಕು.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಜರಿ ಸೀರೆಯ ಜರಿ ಎಲ್ಲಿಂದ ಬಂತೋ ಅಲ್ಲಿಂದಲೇ ಈ ನದಿಯ ಹೆಸರಿನ ಮೊದಲರ್ಧವೂ ಬಂದಿದೆ. ಪಾರಸಿಯಲ್ಲಿ ಜರ್ ಎಂದರೆ ಚಿನ್ನ, ಅಫ್‌ಶಾನ್ ಎಂದರೆ ಚೆಲ್ಲುವುದು, ಎರಚುವುದು. ಇವತ್ತಿಗೂ ಪಂಜಕೆಂಟ್ ಊರಿನ ಬಳಿ ಚಿನ್ನದ ಗಣಿಗಳಿವೆ, ಆದ್ದರಿಂದ ಹೆಸರು ಬರೀ ಕವಿಸಮಯವಲ್ಲ. ಅಲೆಕ್ಸಾಂಡರನ ಜೊತೆ ಬಂದ ಗ್ರೀಕರು ಇದನ್ನು ಪೊಲಿಟಿಮೆಟಸ್, ಅಂದರೆ ಬಹಳ ಬೆಲೆಯುಳ್ಳದ್ದು, ಎಂದು ಕರೆದರು. ಅರಬ್ ಭೂಗೋಳಕಾರರಿಗೆ ಇದು ಸುಗ್ದ್ ನಾಡಿನ, ಅಂದರೆ ಈ ಕಣಿವೆಯ ಪ್ರಾಚೀನ ನಾಡಿನ, ಹೊಳೆಯಾಗಿತ್ತು. ಬಾಬರನ ಕಾಲಕ್ಕೆ ಕೋಹಿಕ್ ಎಂದಾಗಿತ್ತು. ಹೆಸರುಗಳು ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ಈ ನದಿ ನಾಡಿಗೆಲ್ಲ ನೀರುಣಿಸಿ ಮರಳಿನಲ್ಲಿ ಇಂಗಿಹೋಗುತ್ತದೆ ಎಂದು ಅಲೆಕ್ಸಾಂಡರನ ಸಂಗಡಿಗ ಅರಿಸ್ಟೊಬುಲಸನ ಹೇಳಿಕೆಯನ್ನು ಆಧರಿಸಿ ಗ್ರೀಕ್ ಭೂಗೋಳಕಾರ ಸ್ಟ್ರೇಬೊ ಬರೆದಿಟ್ಟಿದ್ದಾನೆ. ಅಂದರೆ ಹತ್ತಿಯ ಹುಚ್ಚಿಗೆ ಬಿದ್ದ ಸೋವಿಯೆತ್ ಯೋಜಕರು ಬರುವುದಕ್ಕೆ ಎರಡು ಸಾವಿರ ವರ್ಷಕ್ಕೂ ಮೊದಲೇ ಈ ಹೊಳೆ ಕೊನೆ ಮುಟ್ಟುವುದನ್ನು ಬಿಟ್ಟಿತ್ತು.

ಬಿಸಿಲು ಬಂದರೆ ಪ್ರವಾಹ

ಸಮರ್ಕಂದದಿಂದ ಪಂಜಕೆಂಟಿಗೆ ಸುಮಾರು 60 ಕಿಲೋಮೀಟರ್. 2010ರಲ್ಲಿ ಮುಚ್ಚಿದ್ದ ಗಡಿಯನ್ನು 2018ರಲ್ಲಿ ಮತ್ತೆ ತೆರೆದಿದ್ದರಿಂದ ನಾನು ಹೋಗುವ ಹೊತ್ತಿಗೆ ದಾಟುವುದು ಸುಲಭವಾಗಿತ್ತು: ಒಂದು ಟ್ಯಾಕ್ಸಿಯಲ್ಲಿ ಗಡಿಯವರೆಗೆ, ಅಲ್ಲಿಂದ ಬಿಸಿಲಿನಲ್ಲಿ ನಡಿಗೆ, ಆಚೆ ಕಡೆ ಇನ್ನೊಂದು ಟ್ಯಾಕ್ಸಿ. ಎರಡು ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ, ಗುಡ್ಡಗಳ ಮೇಲೆ ಹುಲ್ಲು ಸುಟ್ಟು ಕಂದಾಗಿತ್ತು. ಆಗಸ್ಟಿನ ಹೊಳೆಯೆಂದರೆ ಮಳೆಯ ಹೊಳೆ ಎಂದು ತಿಳಿದಿದ್ದ ನಾನು, ಇಂಥ ಒಣ ನಾಡಿನಲ್ಲಿ ಕಲ್ಲುಗಳ ನಡುವೆ ತೊರೆಯೊಂದು ತೆವಳುವುದನ್ನು ನೋಡಲು ಸಿದ್ಧನಾಗಿ ದಡಕ್ಕೆ ಇಳಿದೆ. ಎದುರಿಗೆ ಇದ್ದದ್ದು ಬೂದಿ ಕಲಸಿದಂಥ ಬಣ್ಣದ, ಎರಡೂ ದಡ ಒತ್ತಿಕೊಂಡು ಭೋರ್ಗರೆಯುವ ತುಂಬು ಹೊಳೆ. ಕೈಯಿಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ದಡದ ಕಲ್ಲುಗಳ ಮೇಲೆ ಇಬ್ಬರು ಹೆಂಗಸರು ಹತ್ತಿ ತುಂಬುವ ದಪ್ಪ ಹಾಸಿಗೆಗಳ ಹೊದಿಕೆಗಳನ್ನು ಬಡಿದು ತೊಳೆಯುತ್ತಿದ್ದರು. ಅವರ ಹಿಂದಿನ ಮಣ್ಣಿನ ಮಾಳಿಗೆಯ ಮೇಲೆ ಜರ್ದಾಳು ಹಣ್ಣುಗಳನ್ನು ಇಬ್ಭಾಗ ಮಾಡಿ ಒಣಗಲು ಹರಡಿದ್ದರು. ಮಳೆಯಿಲ್ಲದೆ ಈ ನೀರು ಎಲ್ಲಿಂದ ಎಂದು ಚಾಲಕನನ್ನು ಕೇಳಿದೆ. ಅವನು ಮಾತಾಡದೆ ಸೂರ್ಯನ ಕಡೆ ಬೆರಳು ತೋರಿಸಿದ.

ಜರಫ್‌ಶಾನ್ ಹಿಮನದಿಯಿಂದ ಹುಟ್ಟುವ ಹೊಳೆ. ತುರ್ಕಿಸ್ತಾನ್ ಮತ್ತು ಜರಫ್‌ಶಾನ್ ಎಂಬ ಎರಡು ಪರ್ವತಸಾಲುಗಳ ನಡುವಿನ ಉದ್ದನೆಯ ಕಂದಕದಲ್ಲಿ ಅದು ಪಶ್ಚಿಮಕ್ಕೆ ಹರಿಯುತ್ತದೆ. ಮೇಲ್ಭಾಗದಲ್ಲಿ ಅದರ ಹೆಸರು ಮಾತ್ಚಾ. ಐನಿ ಎಂಬಲ್ಲಿ ಇಸ್ಕಂದರ್‌ಕುಲ್ ಸರೋವರದ ನೀರನ್ನೂ ಹೊತ್ತು ತರುವ ಫಾನ್ ದರಿಯಾ ಅದನ್ನು ಸೇರುತ್ತದೆ. ಚಳಿಗಾಲದಲ್ಲಿ ಬಡವಾಗಿ, ಬಿಸಿಲು ಏರಿದಂತೆಲ್ಲ ಉಬ್ಬಿ, ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅದು ತುಂಬಿ ಹರಿಯುತ್ತದೆ. ಬೆಳೆಗೆ ಯಾವಾಗ ಬಾಯಾರಿಕೆಯೋ ಆಗಲೇ ನೀರು! ಮುಂಗಾರಿಗಾಗಿ ಆಕಾಶ ನೋಡುತ್ತ ಕೂರುವ ನಮಗೆ ಇದು ಹೊಟ್ಟೆಕಿಚ್ಚು ತರಿಸುವಂಥ ಏರ್ಪಾಡು. ಒಟ್ಟು 877 ಕಿಲೋಮೀಟರ್ ಉದ್ದದ ಈ ಹೊಳೆಯ ಸರಾಸರಿ ವಾರ್ಷಿಕ ಹರಿವು ಹೆಚ್ಚುಕಡಿಮೆ 5 ಘನ ಕಿಲೋಮೀಟರ್. ನಮ್ಮ ಲೆಕ್ಕಕ್ಕೆ ತಂದರೆ 175ರಿಂದ 180 ಟಿಎಂಸಿ, ಅಂದರೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ ನಾವು ವರ್ಷಕ್ಕೆ ಬಿಡಬೇಕಾದ 177.25 ಟಿಎಂಸಿಗೆ ಸರಿಸುಮಾರು ಸಮ. ಕಾವೇರಿಯ ಒಂದು ಪಾಲಿನಷ್ಟು ನೀರಿನಲ್ಲಿ ಸಮರ್ಕಂದ, ಬುಖಾರಾ ಎಂಬ ಎರಡು ಮಹಾನಗರಗಳೂ ಅವುಗಳ ನಾಗರಿಕತೆಯೂ ಬೆಳೆದವು ಎಂದು ಹೊಳೆದಾಗ ನನಗೆ ಸ್ವಲ್ಪ ಹೊತ್ತು ನಂಬಿಕೆ ಬರಲಿಲ್ಲ.

ಇಲ್ಲೊಂದು ವಕ್ರವೂ ಇದೆ. ಮೇಲ್ಭಾಗದ ಬೆಟ್ಟಗಳ ಹಳ್ಳಿಗಳಿಗೆ ಈ ಹೊಳೆ ಅಷ್ಟಾಗಿ ದಕ್ಕುವುದಿಲ್ಲ. ಕಣಿವೆಯನ್ನು ಅದು ಎಷ್ಟು ಆಳವಾಗಿ ಕೊರೆದಿದೆಯೆಂದರೆ, ಮನೆ ಮತ್ತು ಹೊಲಗಳು ಮೇಲಿನ ಹಂತಗಳಲ್ಲಿ, ನೀರು ಕೆಳಗೆ. ಅಲ್ಲಿಯವರು ಪಕ್ಕದ ಹಳ್ಳಗಳಿಂದ ಕಾಲುವೆ ತೆಗೆದು ಬದುಕುತ್ತಾರೆ. ಕೆಳಗೆ ಅಬ್ಬರಿಸುವ ಹೊಳೆಯನ್ನು ಕೇಳಿಸಿಕೊಳ್ಳುತ್ತಾರೆ, ಅಷ್ಟೆ. ಅದು ಬಳಕೆಗೆ ಸಿಗುವುದು ಕಣಿವೆ ಬಾಯ್ದೆರೆಯುವ ಪಂಜಕೆಂಟಿನಿಂದಾಚೆ. ಅಲ್ಲಿಗೆ ಹತ್ತಿರದ ಸರಾಜ್ಮ್ ಎಂಬಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಊರಿನ ಕುರುಹುಗಳು ಸಿಕ್ಕಿವೆ. ಪಂಜಕೆಂಟಿನ ಕೊನೆಯ ಸುಗ್ದ ದೊರೆ ದೇವಾಷ್ಟಿಚ್ 722ರಲ್ಲಿ ಅರಬರ ಕೈಯಲ್ಲಿ ಸತ್ತ. ಅವನು ಓಡಿಹೋಗಿ ಆಶ್ರಯ ಪಡೆದಿದ್ದ ಮುಗ್ ಬೆಟ್ಟದ ಕೋಟೆಯಲ್ಲಿ 1930ರ ದಶಕದಲ್ಲಿ ಅವನ ಕಾಗದಪತ್ರಗಳು ಸಿಕ್ಕವು. ಯುದ್ಧ, ಬೇಹುಗಾರಿಕೆಗಳ ಪತ್ರಗಳ ಜೊತೆಯಲ್ಲೇ ಮೂರು ನೀರುಗಿರಣಿಗಳನ್ನು ಗುತ್ತಿಗೆಗೆ ಕೊಟ್ಟ ಕರಾರೊಂದಿದೆ, ಬಾಡಿಗೆ ಹಿಟ್ಟಿನ ರೂಪದಲ್ಲಿ. ರಾಜ್ಯ ಕುಸಿಯುತ್ತಿರುವಾಗಲೂ ಗಿರಣಿಯ ಹಿಟ್ಟಿನ ಲೆಕ್ಕವನ್ನು ಕಾಪಾಡಿಕೊಂಡ ಆ ದೊರೆಯ ಬಗ್ಗೆ ನನಗೆ ಒಂದು ಬಗೆಯ ಮಮತೆ ಹುಟ್ಟಿತು.

ನೀರುಗಂಟಿಯ ದೂರದ ನೆಂಟ

ಬಯಲಿಗೆ ಇಳಿದ ಮೇಲೆ ಜರಫ್‌ಶಾನ್ ಒಂದು ನದಿಯಾಗಿ ಉಳಿಯುವುದಿಲ್ಲ, ಅದೊಂದು ಹಂಚಿಕೆಯ ವ್ಯವಸ್ಥೆಯಾಗುತ್ತದೆ. ರವತ್‌ಖೋಜಾ ಎಂಬಲ್ಲಿ ಸೋವಿಯೆತ್ ಕಾಲದ ಒಡ್ಡು ಅದನ್ನು ತಡೆದು ಎಡಬಲದ ಕಾಲುವೆಗಳಿಗೆ ತಿರುಗಿಸುತ್ತದೆ. ಎಡಕ್ಕೆ ಹೋಗುವ ದರ್ಗೋಮ್ ಒಂದು ಕಾಲುವೆಯೆಂದು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ನೂರಾರು ವರ್ಷ ಕೊರೆದು ಕೊರೆದು ಅದು ತನ್ನದೇ ದಡ, ತನ್ನದೇ ತಿರುವುಗಳುಳ್ಳ ಹೊಳೆಯಂತೆ ಕಾಣುತ್ತದೆ. ಸಮರ್ಕಂದದ ಪಕ್ಕ ಚುಪಾನ್ ಅತಾ ಗುಡ್ಡದ ಬಳಿ ಉಳಿದ ನೀರು ಬಿಳಿಯ ಹೊಳೆ ಮತ್ತು ಕರಿಯ ಹೊಳೆ, ಅಂದರೆ ಆಕ್ ದರಿಯಾ ಮತ್ತು ಕರಾ ದರಿಯಾ ಎಂದು ಇಬ್ಭಾಗವಾಗಿ, ನಡುವೆ ಮಿಯಾನ್‌ಕಾಲ್ ಎಂಬ ಉದ್ದನೆಯ ಫಲವತ್ತಾದ ದ್ವೀಪವನ್ನು ಬಿಟ್ಟು, ನೂರು ಕಿಲೋಮೀಟರಿನಷ್ಟು ಆಚೆ ಮತ್ತೆ ಒಂದಾಗುತ್ತದೆ. ಆ ಕವಲಿನ ಬಳಿ ಹಳೆಯ ಸೇತುವೆಯೊಂದರ ಇಟ್ಟಿಗೆಯ ಕಮಾನು ಒಂಟಿಯಾಗಿ ನಿಂತಿದೆ. ದಾಟುವುದಕ್ಕೆ ಮಾತ್ರವಲ್ಲ, ನೀರನ್ನು ಎರಡು ಪಾಲು ಮಾಡುವುದಕ್ಕೂ ಅದನ್ನು ಕಟ್ಟಿದ್ದರಂತೆ.

ಹಂಚಿಕೆ ಎಂದ ಮೇಲೆ ಹಂಚುವವನು ಬೇಕು. ಅವನ ಹೆಸರು ಮೀರಾಬ್. ಆಬ್ ಎಂದರೆ ನೀರು, ನಮ್ಮ ಅಬಕಾರಿಯಲ್ಲಿ ಅಡಗಿ ಕುಳಿತಿರುವ ಅದೇ ಆಬ್. ಮೀರ್ ಎಂದರೆ ಒಡೆಯ. ಊರವರು ಆರಿಸಿದ ಈ ಮನುಷ್ಯ ಯಾವ ಕಾಲುವೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಮುಗಿಯಿತು, ಯಾರು ರಾತ್ರಿ ಕದ್ದು ಮಡೆ ಕಿತ್ತರು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದ; ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಪಡೆಯುತ್ತಿದ್ದ. ಇದನ್ನು ನನಗೆ ವಿವರಿಸಿದವರು ಒಂದು ಹೊಸ ಪದಾರ್ಥವನ್ನು ತೋರಿಸುವ ಉತ್ಸಾಹದಲ್ಲಿದ್ದರು. ನನಗೋ ನಮ್ಮೂರ ಕೆರೆಯ ತೂಬಿನ ಬಳಿ ಗುದ್ದಲಿ ಹೆಗಲಿಗೇರಿಸಿ ನಿಲ್ಲುತ್ತಿದ್ದ ನೀರುಗಂಟಿಯ ಮುಖ ಕಾಣುತ್ತಿತ್ತು. ಅವನಿಗೂ ಕೂಲಿ ಕಣದಲ್ಲೇ ಸಲ್ಲುತ್ತಿತ್ತು, ಅವನನ್ನೂ ಎಲ್ಲರೂ ಬೈಯುತ್ತಿದ್ದರು. ವಸಂತ ಬಂದು ನೀರು ಏರುವ ಮೊದಲು ಕಾಲುವೆಗಳ ಹೂಳೆತ್ತಲು ಮನೆಗೊಬ್ಬರಂತೆ ಹೊರಡುವ ಪದ್ಧತಿಗೆ ಅಲ್ಲಿ ಹಶರ್ ಎನ್ನುತ್ತಾರೆ. ಮೀರಾಬ್‌ನ ಅಧಿಕಾರವನ್ನು ಈಗ ಇಲಾಖೆಗಳೂ ಬಳಕೆದಾರರ ಸಂಘಗಳೂ ಹಂಚಿಕೊಂಡಿವೆ, ಆದರೆ ಹಳ್ಳಿಗಳಲ್ಲಿ ಆ ಪದವೂ ಆ ಹಶರ್ ಕೂಡ ಉಳಿದುಕೊಂಡಿವೆ.

ಕಾಲುವೆಯಿಂದ ಕಾಲುವೆ ಕವಲೊಡೆದು ಕೊನೆಗೆ ಮನೆಯಂಗಳದ ಮುಂದೆ ಹರಿಯುವ ಗೇಣಗಲದ ಅರಿಕ್ ಆಗುತ್ತದೆ. ಬೆಳಗ್ಗೆ ಬಾಗಿಲಿನ ಮುಂದೆ ಚಿಮುಕಿಸಲು ಅದೇ ನೀರು, ಅಂಗಳದ ದ್ರಾಕ್ಷಿ ಚಪ್ಪರಕ್ಕೂ ಅದೇ, ಕಲ್ಲಂಗಡಿ ತಣ್ಣಗಾಗಲೆಂದು ಮುಳುಗಿಸಿಡುವುದೂ ಅದರಲ್ಲೇ. ಕಾಲುವೆಯ ಉದ್ದಕ್ಕೂ ಎರಡಾಳೆತ್ತರದಲ್ಲಿ ಬೋಳಿಸಿದ, ಮುಷ್ಟಿ ಕಟ್ಟಿದಂಥ ತಲೆಯ ಮರಗಳ ಸಾಲನ್ನು ನೋಡಿ ಯಾವ ಮರವೆಂದು ತಿಳಿಯದೆ ಎಲೆ ಕಿತ್ತು ನೋಡಿದರೆ, ಹಿಪ್ಪುನೇರಳೆ! ರಾಮನಗರದ ಸುತ್ತ ಸೊಂಟದೆತ್ತರದ ಗಿಡವಾಗಿ ನೋಡಿದ್ದನ್ನು ಮರವಾಗಿ ಗುರುತಿಸಲು ನನಗೆ ಆಗಲಿಲ್ಲ. ವಸಂತದಲ್ಲಿ ರೆಂಬೆಗಳನ್ನೇ ಕಡಿದು ಮನೆಯೊಳಗಿನ ಹುಳುಗಳಿಗೆ ಹಾಸುತ್ತಾರೆ. ಮರ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. ಹೀಗೆ ಕಾಲುವೆಯ ಏರಿಯಿಂದ ಸೋರಿದ ನೀರೂ ಅಲ್ಲಿ ರೇಷ್ಮೆಯ ಲೆಕ್ಕಕ್ಕೆ ಸೇರಿದೆ.

ಎಳೆ ಮತ್ತು ನಾರು

ಬುಖಾರಾದಲ್ಲಿ ಪ್ರವಾಸಿಗಳೆಲ್ಲ ಸೇರುವ ಲ್ಯಾಬಿ ಹೌಜ್ ಎಂಬ ಕೊಳವನ್ನು 1620ರಲ್ಲಿ ಕಟ್ಟಿಸಿದವನು ನದೀರ್ ದಿವಾನ್‌ಬೇಗಿ ಎಂಬ ಮಂತ್ರಿ. ಅದರ ಕಲ್ಲಿನ ಮೆಟ್ಟಿಲ ಮೇಲೆ ಕುಳಿತರೆ ಒಂದು ಕಥೆ ತಾನಾಗಿ ಕಿವಿಗೆ ಬೀಳುತ್ತದೆ. ಆ ಜಾಗದಲ್ಲಿ ಒಬ್ಬ ಯೆಹೂದಿ ವಿಧವೆಯ ಮನೆಯಿತ್ತು, ಆಕೆ ಎಷ್ಟು ಹಣಕ್ಕೂ ಮಾರಲಿಲ್ಲ. ಮಂತ್ರಿ ಬಲವಂತ ಮಾಡಲು ಹೋಗದೆ ಆಕೆಯ ಗೋಡೆಯ ಪಕ್ಕದಲ್ಲೇ ಕಾಲುವೆ ತೋಡಿಸಿದ, ನೀರು ಜಿನುಗಿ ಅಡಿಪಾಯ ಕರಗತೊಡಗಿತು. ಕಡೆಗೆ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಕಟ್ಟಲು ಬೇರೆ ಜಾಗ ಕೊಡಿಸಿಕೊಂಡು ಆಕೆ ಮನೆ ಬಿಟ್ಟಳಂತೆ. ನಿಜವೋ ಕಟ್ಟುಕಥೆಯೋ, ನೀರನ್ನು ಹಿಡಿತದಲ್ಲಿಟ್ಟುಕೊಂಡವನಿಗೆ ಕತ್ತಿ ಹಿರಿಯುವ ಅಗತ್ಯವಿಲ್ಲ ಎಂಬುದನ್ನು ಆ ಊರಿನವರು ಚೆನ್ನಾಗಿ ಬಲ್ಲರು.

ಶಾಹ್‌ರೂದ್ ಎಂಬ ಕಾಲುವೆ ಜರಫ್‌ಶಾನದ ನೀರನ್ನು ಊರೊಳಗೆ ತಂದು ಇಂಥ ಹತ್ತಾರು ಹೌಜುಗಳಿಗೆ ತುಂಬುತ್ತಿತ್ತು. ಮಶ್ಕೋಬ್ ಎಂಬ ನೀರು ಹೊರುವವರು, ನಮ್ಮ ಹಳೆಯ ಪೇಟೆಗಳ ಭಿಸ್ತಿಗಳಂತೆ, ತೊಗಲಿನ ಚೀಲದಲ್ಲಿ ಮನೆಮನೆಗೆ ಹೊತ್ತು ಹಾಕುತ್ತಿದ್ದರು. ಆದರೆ ಬುಖಾರಾ ಜರಫ್‌ಶಾನದ ಬಾಲದಲ್ಲಿದ್ದ ಊರು. ಸಮರ್ಕಂದದ ಸುತ್ತಲಿನವರು ಕುಡಿದು, ತೋಯಿಸಿ, ತೊಳೆದು ಬಿಟ್ಟದ್ದು ಅಲ್ಲಿಗೆ ಬರುತ್ತಿತ್ತು, ಅದೂ ಸರದಿಯ ಮೇಲೆ. ಬಂದದ್ದು ವಾರಗಟ್ಟಲೆ ನಿಲ್ಲುತ್ತಿತ್ತು. ಇಷ್ಟು ದೊಡ್ಡ ಹೊಳೆಯಾದರೂ ಹೊಲಗಳಿಗೆಲ್ಲ ಸಾಲದು, ವರ್ಷದಲ್ಲಿ ಮೂರು ನಾಲ್ಕು ತಿಂಗಳು ನೀರು ಬುಖಾರಾವನ್ನು ಮುಟ್ಟುವುದೇ ಇಲ್ಲ ಎಂದು ಬಾಬರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ನಾಲೆಯ ಕೊನೆಯ ಭಾಗದವರ ಅಳಲು ಒಬ್ಬ ಬಾದಶಹನ ಬರಹದಲ್ಲಿ ಐನೂರು ವರ್ಷದ ಹಿಂದೆಯೇ ಸೇರಿಕೊಂಡಿರುವುದನ್ನು ತಾತನಿಗೆ ಓದಿ ಹೇಳುವ ಅವಕಾಶ ನನಗೆ ಸಿಗಲಿಲ್ಲ.

ನಿಂತ ನೀರಿಗೆ ಊರು ತೆತ್ತ ಬೆಲೆಯ ಹೆಸರು ರಿಷ್ತಾ. 1558ರಲ್ಲಿ ಬುಖಾರಾಕ್ಕೆ ಬಂದ ಇಂಗ್ಲಿಷ್ ವ್ಯಾಪಾರಿ ಆಂಥನಿ ಜೆಂಕಿನ್‌ಸನ್, ಇಲ್ಲಿಯ ನೀರು ಕುಡಿದವರ ಕಾಲಿನಲ್ಲಿ ಗಜಕ್ಕೂ ಉದ್ದದ ಹುಳು ಬೆಳೆಯುತ್ತದೆ, ಅದನ್ನು ವೈದ್ಯರು ಬಹಳ ನಾಜೂಕಿನಿಂದ ಹೊರಗೆಳೆಯುತ್ತಾರೆ ಎಂದು ಬರೆದ. ಕಡ್ಡಿಗೆ ಸುತ್ತುತ್ತ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು, ತುಂಡಾದರೆ ಕಾಲೇ ಕೊಳೆಯಬಹುದು. ಪಾರಸಿಯಲ್ಲಿ ರಿಷ್ತಾ ಎಂದರೆ ಎಳೆ, ದಾರ. ಅದೇ ಹುಳುವಿಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಇದ್ದ ಹೆಸರು ನಾರುಹುಣ್ಣು. ಮೆಟ್ಟಿಲಿಳಿದು ಕಾಲಿಟ್ಟು ನೀರು ತುಂಬಿಕೊಳ್ಳುವ ಬಾವಿಗಳಿದ್ದ ಕಡೆ ಅದು ನಮ್ಮನ್ನೂ ಕಾಡಿತ್ತು. ಭಾರತ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದ್ದು 2000ದಲ್ಲಿ. ಒಂದು ಕಡೆ ಎಳೆ, ಇನ್ನೊಂದು ಕಡೆ ನಾರು: ಎರಡು ನಾಡುಗಳ ಜನ ಒಂದೇ ನೋವನ್ನು ನೋಡಿ ಒಂದೇ ಹೋಲಿಕೆ ಹುಡುಕಿಕೊಂಡಿದ್ದಾರೆ. ಬುಖಾರಾದಲ್ಲಿ ಲಿಯೊನಿದ್ ಇಸಾಯೆವ್ ಎಂಬ ಸೋವಿಯೆತ್ ವೈದ್ಯನ ತಂಡ 1920ರ ದಶಕದಲ್ಲಿ ಕೆಲಸಕ್ಕೆ ಇಳಿದು, ಹೌಜುಗಳನ್ನು ಬತ್ತಿಸಿ, ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಟ್ಟು, 1930ರ ದಶಕದ ಆರಂಭಕ್ಕೆ ರಿಷ್ತಾವನ್ನು ನಿರ್ಮೂಲ ಮಾಡಿತು. ಕೋಟೆಯ ಎದುರು ಇಂದಿಗೂ ನಿಂತಿರುವ, ರಷ್ಯದ ಎಂಜಿನಿಯರ್ ಶುಖೋವ್‌ನ ಕಬ್ಬಿಣದ ಜಾಲರಿಯಂಥ ನೀರಿನ ಗೋಪುರ ಆ ಕಾಲದ್ದು. ಕೊಳಗಳು ಹೋದ ಮೇಲೆ ಕಪ್ಪೆಗಳು ಹೋದವು, ಕಪ್ಪೆಗಳ ಬೆನ್ನಿಗೆ ಮಿನಾರುಗಳ ತುದಿಯಲ್ಲಿ ಗೂಡು ಕಟ್ಟುತ್ತಿದ್ದ ಕೊಕ್ಕರೆಗಳೂ ಹೋದವು. ಈ ವಿನಿಮಯವನ್ನು ನೆನೆದು ಪ್ರವಾಸಿಗಳು ನಿಟ್ಟುಸಿರಿಡುವುದುಂಟು. ಕಾಲಿನಿಂದ ಹುಳು ಎಳೆಸಿಕೊಳ್ಳಬೇಕಾದವನು ನಿಟ್ಟುಸಿರಿಟ್ಟಿರಲಾರ ಎಂಬುದು ನನ್ನ ಅನಿಸಿಕೆ.

ಬಾಲದ ತುದಿ

ಬುಖಾರಾದಿಂದ ನೈಋತ್ಯಕ್ಕೆ, ಕರಾಕುಲ್ ದಾರಿಯಲ್ಲಿ, ಪೈಕೆಂಟ್ ಎಂಬ ಹಾಳೂರಿದೆ. ಒಂದು ಕಾಲದಲ್ಲಿ ಅದು ದೂರದೂರಿಗೆ ವ್ಯಾಪಾರಕ್ಕೆ ಹೋಗುತ್ತಿದ್ದವರ ಸಿರಿವಂತ ಪಟ್ಟಣ. ಶತ್ರು ಬಂದು ಕೊಳ್ಳೆ ಹೊಡೆದಾಗಲೂ ಅದು ಮತ್ತೆ ಎದ್ದಿತ್ತು. ನೀರು ಬರುವುದು ನಿಂತಾಗ ಏಳಲಿಲ್ಲ. ಬುಖಾರಾದಲ್ಲಿ 1127ರಲ್ಲಿ ಎದ್ದ ಕಲ್ಯಾಣ್ ಮಿನಾರನ್ನು ಕಟ್ಟಿಸಿದ ಅರ್ಸ್ಲಾನ್ ಖಾನ್ ಈ ಊರನ್ನು ಮತ್ತೆ ನೆಲೆಗೊಳಿಸಬೇಕೆಂದು ಕಾಲುವೆ ತೋಡಿಸಲು ಹೊರಟ. ಇಂದಿಗೂ ತಲೆಯೆತ್ತಿ ನೋಡಬೇಕಾದ ಆ ಮಿನಾರನ್ನು ನಿಲ್ಲಿಸಿದವನಿಗೆ ಒಂದು ಕಾಲುವೆಯನ್ನು ಮುಗಿಸಲಾಗಲಿಲ್ಲ. ಇಟ್ಟಿಗೆಯ ಗೋಡೆಗಳ ಬುಡ ಉಳಿದಿರುವ ಆ ದಿಬ್ಬದ ಮೇಲೆ ನಿಂತಾಗ, ನಾಲೆಯ ಕೊನೆಯಲ್ಲಿರುವುದೆಂದರೆ ಬರೀ ಬೆಳೆ ತಡವಾಗುವುದಲ್ಲ ಎಂಬುದು ನನಗೆ ಗಟ್ಟಿಯಾಗಿ ತಟ್ಟಿತು.

ಇವತ್ತಿನ ಬುಖಾರಾ ಪ್ರಾಂತದ ಹತ್ತಿ ಮತ್ತು ಗೋಧಿ ಬೆಳೆಯುವುದು ಬಹುಮಟ್ಟಿಗೆ ಬೇರೆ ಹೊಳೆಯ ನೀರಿನಲ್ಲಿ. ಕಟ್ಟಾಕುರ್ಗಾನ್ ಜಲಾಶಯ, ಮೇಲಿನ ಪ್ರಾಂತಗಳ ಹೊಲಗಳು, ನವೊಯಿ ಊರಿನ ವಿದ್ಯುತ್ ಸ್ಥಾವರ ಮತ್ತು ಗೊಬ್ಬರದ ಕಾರ್ಖಾನೆ ಎಲ್ಲವನ್ನೂ ದಾಟಿ ಜರಫ್‌ಶಾನ್ ಇಲ್ಲಿಗೆ ತರುವುದು ಕಡಿಮೆ ನೀರು, ಹೆಚ್ಚು ಉಪ್ಪು. ಆದ್ದರಿಂದ 1965ರಿಂದ ಅಮು ದರಿಯಾದ ನೀರನ್ನು ಪಂಪುಗಳಿಂದ ಎತ್ತಿ ಕಾಲುವೆಯಲ್ಲಿ ತರುತ್ತಿದ್ದಾರೆ. ಯಾವ ಹೊಳೆಯನ್ನು ಜರಫ್‌ಶಾನ್ ಹೋಗಿ ಸೇರಬೇಕಾಗಿತ್ತೋ, ಆ ಹೊಳೆಯೇ ಈಗ ಗುಡ್ಡ ಹತ್ತಿ ಜರಫ್‌ಶಾನದ ನೆಲಕ್ಕೆ ಬರುತ್ತದೆ. ಹೀಗೆ ಏರಿಸಿದ ಪ್ರತಿ ಕೊಡಕ್ಕೂ ವಿದ್ಯುತ್ತಿನ ಬೆಲೆಯಿದೆ. ಅಮು ದರಿಯಾದ ತುದಿಯಲ್ಲಿದ್ದ ಅರಲ್ ಸಮುದ್ರ ಹೇಗೆ ಬತ್ತಿಹೋಯಿತೆಂಬುದು ಎಲ್ಲರಿಗೂ ಗೊತ್ತಿದೆ. ಹಾಗಿದ್ದೂ ಹೊಲಗಳ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯ ಪದರ. ಹೊರಗೆ ಹರಿದುಹೋಗದ ನೀರು ತನ್ನ ಉಪ್ಪನ್ನು ಇಲ್ಲೇ ಬಿಟ್ಟು ಆವಿಯಾಗುತ್ತದೆ. ತುಂಗಭದ್ರಾ ಕಡೆಯ ರೈತರು ಸವಳು ಎನ್ನುವುದು ಇದನ್ನೇ. ಬಿತ್ತನೆಗೆ ಮೊದಲು, ಚಳಿಗಾಲದ ಕೊನೆಯಲ್ಲಿ, ಆ ಉಪ್ಪನ್ನು ತೊಳೆಯಲೆಂದೇ ಹೊಲಗಳಿಗೆ ನೀರು ಕಟ್ಟುತ್ತಾರೆ. ಸಮುದ್ರಕ್ಕೆ ಹೋಗುವ ನೀರು ಇಷ್ಟು ದಿನ ನಮ್ಮ ಮಣ್ಣಿನಿಂದ ಏನನ್ನು ಹೊತ್ತುಕೊಂಡು ಹೋಗುತ್ತಿತ್ತು ಎಂದು ನಾನು ಯೋಚಿಸಿದ್ದು ಅಲ್ಲಿ, ಆ ಬಿಳಿಯ ಹೊಲದ ಅಂಚಿನಲ್ಲಿ.

ಕರಾಕುಲ್ ಎಂದರೆ ಕರಿಯ ಕೆರೆ. ನಾವು ಜಿನ್ನಾ ಟೋಪಿ ಎನ್ನುವ ಟೋಪಿಯ ಗುಂಗುರು ತೊಗಲು ಈ ಊರಿನ ಹೆಸರು ಹೊತ್ತ ಕುರಿಮರಿಗಳದ್ದು. ಅಲ್ಲಿ ನಮ್ಮ ಚಾಲಕನ ಪರಿಚಯದ ಮುದುಕರೊಬ್ಬರ ಮನೆಗೆ ಹೋದೆವು. ಸಾಮೂಹಿಕ ಕೃಷಿಯ ಕಾಲದಲ್ಲಿ ಅವರು ಮೀರಾಬ್ ಆಗಿದ್ದರು. ಅಂಗಳದ ಚಪ್ಪರದ ಕೆಳಗೆ ಕೂರಿಸಿ ಹಸಿರು ಚಹಾವನ್ನು ಬಟ್ಟಲಿಗೆ ಸುರಿದು, ಮತ್ತೆ ಕೆಟಲಿಗೆ ಹಾಕಿ, ಹೀಗೆ ಮೂರು ಸಲ ಮಾಡಿ, ಕಡೆಗೆ ಅರ್ಧ ಬಟ್ಟಲು ಕೊಟ್ಟರು. ಅತಿಥಿಗೆ ತುಂಬು ಬಟ್ಟಲು ಕೊಟ್ಟರೆ ಬೇಗ ಹೊರಡಿ ಎಂದಂತೆ. ಆಮೇಲೆ ಮನೆಯ ಹಿಂದೆ ಕರೆದೊಯ್ದು ತಗ್ಗೊಂದನ್ನು ತೋರಿಸಿದರು. ಮುಳ್ಳುಪೊದೆ, ಪ್ಲಾಸ್ಟಿಕ್ಕು, ಕಟ್ಟಿಹಾಕಿದ ಒಂದು ಕತ್ತೆ.

“ಇದೇ ನದಿ, ಮೆಹಮಾನ್,” ಎಂದರು.

ನಾವು ಮೂರು ದಿನದ ಹಿಂದೆ ಪಂಜಕೆಂಟಿನಲ್ಲಿದ್ದೆವೆಂದು ಚಾಲಕ ಹೇಳಿದ. ಅವರ ಮುಖ ತಟ್ಟನೆ ಇತ್ತ ತಿರುಗಿತು. ಬದುಕಿಡೀ ಆ ನೀರಿನ ಲೆಕ್ಕ ಇಟ್ಟವರು ಅದು ಬೆಟ್ಟದಿಂದ ಇಳಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಮೊದಲು ಬಿಡುವಿರಲಿಲ್ಲ, ಆಮೇಲೆ ಗಡಿ ಮುಚ್ಚಿತ್ತು, ಈಗ ಮಂಡಿ ನೋವು. ನಾನು ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ಹಾಕಿ ಕೊಟ್ಟೆ. ಅವರು ಮೊದಲು ಮಾಡಿದ ಕೆಲಸವೆಂದರೆ ಮೊಬೈಲನ್ನು ಕಿವಿಯ ಹತ್ತಿರ ಹಿಡಿದದ್ದು. ಹೊಳೆಯ ಭೋರ್ಗರೆತ ಆ ಒಣ ಅಂಗಳದಲ್ಲಿ ಸಣ್ಣಗೆ ಕೇಳಿಸಿತು. ಆಮೇಲೆ ಕಣ್ಣಿನ ಮುಂದೆ ತಂದು, ಆ ಬೂದಿ ಬಣ್ಣದ ನೀರನ್ನು ಬಹಳ ಹೊತ್ತು ನೋಡಿ, “ಲಾಯ್ಕಾ,” ಎಂದರು.

ನಾನು ಬೆಚ್ಚಿದೆ. ನಮ್ಮ ಕುಂದಾಪುರದ ಗೆಳೆಯರು ಮೆಚ್ಚಿದ್ದಕ್ಕೆಲ್ಲ ಆಡುವ ಲಾಯ್ಕ್ ಇಲ್ಲಿಯವರೆಗೆ ಬಂದಿದೆಯೇ ಎಂದು ಚಾಲಕನನ್ನು ಕೇಳಿದರೆ, ಅಲ್ಲ, ಉಜ್ಬೇಕಿಯಲ್ಲಿ ಹಾಗೆಂದರೆ ಕದಡಿದ ಕೆಸರು ನೀರು ಎಂದ. ಮುದುಕರು ಮತ್ತೇನನ್ನೋ ಹೇಳುತ್ತಿದ್ದರು. ಚಾಲಕ ಅದನ್ನೂ ಅನುವಾದಿಸಿದ. ಜಲಾಶಯಗಳಲ್ಲಿ ತಿಳಿಯಾಗಿ ಬರುವ ನೀರಿನಲ್ಲಿ ಮಣ್ಣಿನ ಸತ್ವ ಇರುವುದಿಲ್ಲ. ಹಿಂದೆ ಇಲ್ಲಿಗೆ ಬರುತ್ತಿದ್ದ ನೀರಿಗೂ ಇದೇ ಬಣ್ಣವಿತ್ತು, ಹಶರ್‌ನಲ್ಲಿ ಎತ್ತಿದ ಹೂಳನ್ನೇ ಹೊಲಕ್ಕೆ ಹಾಕುತ್ತಿದ್ದೆವು, ಬೇರೆ ಗೊಬ್ಬರ ಬೇಕಿರಲಿಲ್ಲ. ಅಷ್ಟರಲ್ಲಿ ಮೊಮ್ಮಗ ಬಂದು ಅವರ ಭುಜದ ಮೇಲಿಂದ ಬಗ್ಗಿ ನೋಡಿ, ಇದು ಯಾವ ಹೊಳೆ ಎಂದು ಕೇಳಿದ. ಅವರು ಉತ್ತರ ಕೊಡದೆ, ವಿಡಿಯೊವನ್ನು ಮೊದಲಿನಿಂದ ಹಾಕುವುದು ಹೇಗೆಂದು ಅವನನ್ನು ಕೇಳಿದರು.